ಆಟದ ಭಯವೂ ಕಾದಂಬರಿಯ ಭಯಾನಕವೂ

ಈ ಲೇಖನದ ವಿಷಯವನ್ನು ಕೇಳಿದೊಡನೆ ನಮ್ಮ ಸಂಘದ ಹಿರಿಯರೊಬ್ಬರು ನಕ್ಕುಬಿಟ್ಟರು. “ರಾಯರೆ, ಪಂಪನನ್ನು ಓದಿದವರು ನೀವು, ಮಕ್ಕಳು ಟೀವಿಯ ಮುಂದೆ ಕುಳಿತು ಗುಂಡಿ ಒತ್ತುವ ಆಟಕ್ಕೆ ಕಾವ್ಯಮೀಮಾಂಸೆಯ ಪೇಟ ಸುತ್ತಲು ಹೊರಟಿರಾ?” ಎಂದರು. ಅವರ ನಗೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಅದೇ ನನ್ನ ಮನೆಗೆ ಬಂದಿತು. ಮುಲುಂಡಿನಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡವನ್ನೇ ಆಡಿದರೂ ಕನ್ನಡದ ಪುಟವನ್ನು ಅಕ್ಷರ ಕೂಡಿಸಿ ಓದುವ ನನ್ನ ಹದಿಮೂರು ವರ್ಷದ ಮಗನು, ಯಾರ ಒತ್ತಾಯವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ ಮೊತ್ತಮೊದಲ ಪುಸ್ತಕವು, ಭಯಂಕರವಾದ ಒಂದು ವಿಡಿಯೋ ಆಟವನ್ನು ಆಧರಿಸಿದ ಇಂಗ್ಲಿಷ್ ಕಾದಂಬರಿ. ಪುಸ್ತಕವನ್ನು ಮುಚ್ಚಿಟ್ಟು ಆತನು ಕೇಳಿದನು: “ಪಪ್ಪಾ, ಆಡುವಾಗ ಆದಷ್ಟು ಹೆದರಿಕೆ ಓದುವಾಗ ಯಾಕೆ ಆಗಲಿಲ್ಲ? ಮತ್ತೆ ರಾತ್ರಿ ಮಲಗಿದಾಗ ಆಟ ನೆನಪಾಗದೆ ಪುಸ್ತಕವೇ ಯಾಕೆ ನೆನಪಾಗುತ್ತದೆ?” ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಕೆಲವು ತಿಂಗಳು ಕಚೇರಿಗೆ ಹೋಗಿಬರುವ ಲೋಕಲ್ ಗಾಡಿಯಲ್ಲಿ ಇಂತಹ ಕಾದಂಬರಿಗಳನ್ನೇ ಓದಿದೆನು. ಮಗನ ಪಕ್ಕದಲ್ಲಿ ಕುಳಿತು ಆಟಗಳನ್ನು ನೋಡಿದೆನು, ಒಂದೆರಡನ್ನು ಆಡಿಯೂ ಸೋತೆನು. ಈ ಬರಹವು ಆ ಓದಿನ ಫಲ.

ಆಟದಿಂದ ಕಾದಂಬರಿಯನ್ನು ಮಾಡುವ ಉದ್ಯಮವು ತೀರ ಹೊಸದಲ್ಲ. 1993ರ ‘ಡೂಮ್’ ಎಂಬ ಗುಂಡಿನ ಆಟವನ್ನು ಆಧರಿಸಿ ಡಾಫಿಡ್ ಅಬ್ ಹ್ಯೂ ಮತ್ತು ಬ್ರಾಡ್ ಲಿನವೀವರ್ ಎಂಬ ಇಬ್ಬರು 1995-96ರಲ್ಲಿಯೇ ನಾಲ್ಕು ಕಾದಂಬರಿಗಳನ್ನು ಬರೆದರು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1996ರಲ್ಲಿ ಹೊರತಂದ ‘ರೆಸಿಡೆಂಟ್ ಈವಿಲ್’ ಆಟದ ಮಾಲೆಯನ್ನು ಹಿಡಿದು ಎಸ್. ಡಿ. ಪೆರಿ ಎಂಬ ಅಮೆರಿಕದ ಲೇಖಕಿಯು 1998ರಿಂದ 2004ರವರೆಗೆ ಏಳು ಕಾದಂಬರಿಗಳನ್ನು ರಚಿಸಿದಳು. ಇವನ್ನು ವಿಮರ್ಶಕರು ಗಣನೆಗೆ ತಂದುಕೊಂಡುದು ಕಡಿಮೆ. ಆಟವನ್ನು ಮಾರುವವರ ಅಪ್ಪಣೆಯ ಮೇರೆಗೆ, ಗಡುವಿಗೆ ಕಟ್ಟುಬಿದ್ದು ಬರೆದ ಬಾಡಿಗೆಯ ಬರಹಗಳಿವು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಅಪ್ಪಣೆಯ ಮೇರೆಗೆ ಬರೆದುದೆಲ್ಲ ಹೀನವೆನ್ನುವುದಾದರೆ ನಮ್ಮ ಆಸ್ಥಾನಕವಿಗಳ ಗತಿಯೇನೆಂದು ಕೇಳಬಹುದು. ಇರಲಿ. ಇವುಗಳಲ್ಲಿ ಬಹುಪಾಲು ಸಾಧಾರಣ ಕೃತಿಗಳೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅವು ಸಾಧಾರಣವಾದುದಕ್ಕೆ ಕಾರಣವು ಬಾಡಿಗೆಯಲ್ಲ. ಆ ಕಾರಣವನ್ನು ತಿಳಿಯಲು ನಮ್ಮಲ್ಲಿಯೇ ಒಂದು ಒಳ್ಳೆಯ ದಾರಿಯುಂಟು.

ಕರಾವಳಿಯ ಕಡೆಯಿಂದ ಈ ನಗರಕ್ಕೆ ಬಂದವರಿಗೆ ‘ಆಟ’ ‘ಕೂಟ’ ಎಂಬ ಜೋಡಿಪದಗಳು ಹೊಸವಲ್ಲ. ವೇಷ ಕಟ್ಟಿ, ಗೆಜ್ಜೆ ಕಟ್ಟಿ ಬಯಲಿನಲ್ಲಿ ಬೆಳಗಿನವರೆಗೆ ಆಡುವ ಯಕ್ಷಗಾನವು ಆಟ. ಅದೇ ಪ್ರಸಂಗವನ್ನು ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತು ಮಾತಿನಿಂದಲೇ ನಡೆಸುವ ತಾಳಮದ್ದಳೆಯು ಕೂಟ. ‘ಶ್ರೀದೇವೀಮಹಾತ್ಮೆ’ಯ ಆಟದಲ್ಲಿ ಮಹಿಷಾಸುರನು ಚೌಕಿಯಿಂದ ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ನಡುರಾತ್ರಿ ಕಳೆದು ಜನರ ಕಣ್ಣು ಎಳೆಯುತ್ತಿರುವ ಹೊತ್ತಿನಲ್ಲಿ, ಕುಳಿತವರ ಬೆನ್ನ ಹಿಂದಿನಿಂದ, ಪಂಜಿನ ಬೆಂಕಿ ಭುಗಿಲೆನ್ನುತ್ತಿರಲು ಅಬ್ಬರಿಸುತ್ತ, ಸಭೆಯ ನಡುವೆಯೇ ನುಗ್ಗಿಕೊಂಡು ಬರುತ್ತಾನೆ. ಚಿಕ್ಕಂದಿನಲ್ಲಿ ಬೇಸಗೆಯ ರಜೆಗೆ ಊರಿಗೆ ಹೋದಾಗ ಅದನ್ನು ನೋಡಿ, ಅಜ್ಜಿಯ ಸೆರಗಿನೊಳಕ್ಕೆ ತಲೆ ತೂರಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಭಯವು ಮಹಿಷನ ಭಯವೆನ್ನುವುದಕ್ಕಿಂತ, ‘ಈತನು ಈಗ ನನ್ನನ್ನೇ ತುಳಿದುಕೊಂಡು ಹೋದರೆ?’ ಎಂಬ ಭಯ. ಅದು ನನ್ನ ಬೆನ್ನಿಗೆ, ನಾನು ಕುಳಿತ ಚಾಪೆಗೆ ಸಂಬಂಧಿಸಿದುದು.

ಅದೇ ರಕ್ಕಸನು ಕೂಟದಲ್ಲಿ ಏನಾಗುತ್ತಾನೆ? ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ನಡೆಸಿಕೊಡುವ ತಾಳಮದ್ದಳೆಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಳಿಯ ಪಂಚೆಯುಟ್ಟು ಶಾಲು ಹೊದ್ದು ಧ್ವನಿವರ್ಧಕದ ಮುಂದೆ ಕುಳಿತ ಅರ್ಥಧಾರಿಯು ಬಣ್ಣದಿಂದಲೋ ಬೆಂಕಿಯಿಂದಲೋ ಯಾರನ್ನೂ ಬೆಚ್ಚಿಸಲಾರನು. ಬೆಚ್ಚಿಸಹೊರಟು ಅಬ್ಬರಿಸಿದನೆಂದರೆ ಸಭೆ ನಗುತ್ತದೆ. ಆಟವನ್ನು ಕೂಟದಲ್ಲಿ ಹಾಗೆಯೇ ಆಡಲು ಹೋದ ಅರ್ಥಧಾರಿಗಳು ನಗೆಗೀಡಾದುದನ್ನು ನಾನು ಕಂಡಿದ್ದೇನೆ. ಬಲ್ಲ ಅರ್ಥಧಾರಿಯು ಮಾಡುವುದೇ ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣನು ಕೇಳುವವರನ್ನು ಹೆದರಿಸಲು ಯತ್ನಿಸಿದವನಲ್ಲ. ಆತನು ತನ್ನ ನಡೆಗೆ ಕಾರಣಗಳನ್ನು ಕೊಡುತ್ತಿದ್ದನು, ಆ ಕಾರಣಗಳು ಒಂದೊಂದಾಗಿ ಸರಿಯೆಂದು ತೋರುತ್ತಿದ್ದವು. ಮನೆಗೆ ಹೋಗುವ ದಾರಿಯಲ್ಲಿ, ‘ನಾನು ಇಷ್ಟು ಹೊತ್ತು ಯಾರಿಗೆ ತಲೆದೂಗಿದೆನು?’ ಎಂಬ ಅಳುಕು ಹುಟ್ಟುತ್ತಿತ್ತು. ಭಯವು ಬೆನ್ನಿನಿಂದ ಬುದ್ಧಿಗೆ ಏರಿತ್ತು. ಮೊದಲಿಗಿಂತ ತಡವಾಗಿ ಬಂದು ಹೆಚ್ಚು ದಿನ ಉಳಿಯುತ್ತಿತ್ತು. ನನ್ನ ಮಗನ ಪ್ರಶ್ನೆಯ ಎರಡನೆಯ ಭಾಗಕ್ಕೆ ಇಲ್ಲಿಯೇ ಉತ್ತರದ ಸುಳಿವಿದೆಯೆಂದು ತೋರುತ್ತದೆ.

ಮೊದಲನೆಯ ಭಾಗಕ್ಕೆ ಉತ್ತರವನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ಹೇಳಿದ್ದಾನೆ. ಭಯವು ಭಯಾನಕರಸವಾಗುವ ಬಗೆಯನ್ನು ವಿವರಿಸಲು ಆತನು ಆರಿಸಿಕೊಂಡ ಉದಾಹರಣೆ ‘ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯದು. ಆ ಜಿಂಕೆಯನ್ನು ಕಾಣುವ ಸಹೃದಯನಲ್ಲಿ ‘ನಾನು ಹೆದರಿದ್ದೇನೆ’ ಎಂಬ ಭಾವವಾಗಲಿ, ‘ಇಂತಹವನು ಹೆದರಿದ್ದಾನೆ’ ಎಂಬ ಭಾವವಾಗಲಿ ಇರುವುದಿಲ್ಲ. ದೇಶಕಾಲಗಳ ಗಡಿಯನ್ನು ಕಳಚಿಕೊಂಡ, ಯಾರೊಬ್ಬನ ಸ್ವತ್ತೂ ಅಲ್ಲದ ಭಯವೊಂದೇ ಉಳಿಯುತ್ತದೆಂಬುದು ಆತನ ವಾದ. ‘ನನ್ನದು’ ಎಂಬುದು ಸೇರಿಕೊಂಡರೆ ಓಡಿಹೋಗುವ ಇಚ್ಛೆ ಮೊದಲಾದವು ಹುಟ್ಟಿ ರಸಕ್ಕೆ ವಿಘ್ನವಾಗುತ್ತದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ನಮ್ಮಲ್ಲನೇಕರಿಗೆ ಇಂತಹ ವಿಚಾರಗಳಿಗೆ ಹೆಬ್ಬಾಗಿಲಾದ ಗ್ರಂಥ. ಅದನ್ನು ಕಾಲೇಜಿನಲ್ಲಿ ಓದಿದಾಗ ಈ ಮಾತು ನನಗೆ ಶಾಸ್ತ್ರಿಗಳ ಸೂಕ್ಷ್ಮವಾಗಿಯಷ್ಟೇ ಕಂಡಿತ್ತು. ಮಗನ ಕೈಯಲ್ಲಿದ್ದ ಆಟದ ಹಿಡಿಕೆಯನ್ನು ನಾನು ಒಮ್ಮೆ ಹಿಡಿದ ಮೇಲೆ ಅದರ ಅರ್ಥವಾಯಿತು. ಆಟವು ಅಭಿನವಗುಪ್ತನು ವಿಘ್ನವೆಂದುದನ್ನೇ ಬಂಡವಾಳ ಮಾಡಿಕೊಂಡಿದೆ. ಅಲ್ಲಿ ಬಾಗಿಲನ್ನು ತೆರೆಯುವವನು ನಾನು. ತೆರೆಯದಿದ್ದರೆ ಕಥೆ ಮುಂದುವರಿಯದು. ತೆರೆದು ಸತ್ತರೆ ತಪ್ಪು ನನ್ನ ಹೆಬ್ಬೆರಳಿನದು. ಅದು ಅಚ್ಚ ಭಯ, ರಸವಲ್ಲ. ಹೀಗೆಂದ ಮಾತ್ರಕ್ಕೆ ಆಟವನ್ನು ಕೀಳ್ಗಳೆದಂತಾಗಲಿಲ್ಲ, ಏಕೆಂದರೆ ಅದು ರಸವಾಗಲು ಹೊರಟದ್ದೇ ಅಲ್ಲ. ಆದರೆ ಕಾದಂಬರಿಕಾರನು ಆ ಹೆಬ್ಬೆರಳನ್ನು ಓದುಗನಿಂದ ಕಿತ್ತುಕೊಂಡ ಕ್ಷಣದಲ್ಲಿ, ಅದರೊಡನೆ ಹೋಗುವ ಭಯಕ್ಕೆ ಬದಲಾಗಿ ಏನನ್ನು ಕೊಡುತ್ತಾನೆಂಬ ಪ್ರಶ್ನೆ ಏಳುತ್ತದೆ. ಈ ಕಾದಂಬರಿಗಳ ಗುಣದೋಷಗಳೆಲ್ಲ ಆ ಬದಲಿನಲ್ಲಿವೆ.

ಪೆರಿಯ ಮೊದಲ ಕಾದಂಬರಿ ‘ದಿ ಅಂಬ್ರೆಲಾ ಕಾನ್‌ಸ್ಪಿರಸಿ’ಯನ್ನು ಈ ದೃಷ್ಟಿಯಿಂದ ನೋಡೋಣ. ಮೂಲದ ಆಟವು ಕಾಡಿನ ನಡುವಣ ಒಂದು ಬಂಗಲೆಯಲ್ಲಿ ನಡೆಯುತ್ತದೆ. ಆಡುವವನು ಕ್ರಿಸ್ ಅಥವಾ ಜಿಲ್ ಎಂಬ ಇಬ್ಬರು ಪೊಲೀಸರಲ್ಲಿ ಒಬ್ಬರನ್ನು ಆರಿಸಿಕೊಳ್ಳಬೇಕು. ಕ್ರಿಸ್ ಆರು ವಸ್ತುಗಳನ್ನು ಹೊರಬಲ್ಲನು, ಜಿಲ್ ಎಂಟನ್ನು. ಅದಕ್ಕಿಂತ ಹೆಚ್ಚು ಸಲ್ಲದು. ಗುಂಡುಗಳು ಕೆಲವೇ. ಆಟವನ್ನು ನಿಲ್ಲಿಸಿ ಮುಂದೆ ಅಲ್ಲಿಂದಲೇ ಮೊದಲುಮಾಡಬೇಕಾದರೆ ಬಂಗಲೆಯಲ್ಲಿ ಅಲ್ಲಲ್ಲಿರುವ ಟೈಪ್‌ರೈಟರಿಗೆ ಶಾಯಿಯ ರಿಬ್ಬನ್ನು ಹಾಕಬೇಕು, ಆ ರಿಬ್ಬನ್ನುಗಳೂ ಎಣಿಕೆಯವು. ಬಾಗಿಲುಗಳು ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತವೆ. ಯಂತ್ರಕ್ಕೆ ಮುಂದಿನ ಕೋಣೆಯನ್ನು ಸಜ್ಜುಗೊಳಿಸಲು ಹಿಡಿಯುವ ಹೊತ್ತನ್ನು ಮರೆಮಾಡಲು ಮಾಡಿದ ಉಪಾಯವದು, ಆದರೂ ಎದೆಬಡಿತವನ್ನು ಹೆಚ್ಚಿಸುವುದರಲ್ಲಿ ಅದಕ್ಕೆ ಸಮನಾದುದಿಲ್ಲ. ಬ್ಯಾಂಕಿನವನಾದ ನನಗೆ ಕಂಡುದೇನೆಂದರೆ, ಈ ಆಟದ ಭಯವು ಮುಕ್ಕಾಲು ಪಾಲು ಜಿಪುಣನ ಭಯ. ಕೈಯಲ್ಲಿರುವುದು ಇಷ್ಟೇ, ಮುಂದಿನ ವೆಚ್ಚವೆಷ್ಟೆಂದು ತಿಳಿಯದು. ಸತ್ತರೂ ನಷ್ಟವಾಗುವುದು ಹಿಂದಿನ ರಿಬ್ಬನ್ನಿನಿಂದೀಚಿನ ಅರ್ಧ ಗಂಟೆ.

ಪೆರಿ ಈ ಜಮಾಖರ್ಚನ್ನು ಬಿಟ್ಟುಕೊಟ್ಟು, ಇಬ್ಬರು ನಾಯಕರ ಬೇರೆಬೇರೆ ದಾರಿಗಳನ್ನು ಒಂದೇ ರಾತ್ರಿಯೊಳಗೆ ಹೆಣೆದಳು. ಆಟದಲ್ಲಿ ಕ್ರಿಸ್‌ನ ದಾರಿಯಲ್ಲಿ ರೆಬೆಕಾ, ಜಿಲ್‌ಳ ದಾರಿಯಲ್ಲಿ ಬ್ಯಾರಿ ಜೊತೆಗಾರರು. ಕಾದಂಬರಿಯಲ್ಲಿ ನಾಲ್ವರೂ ಇದ್ದಾರೆ. ಆಟದಲ್ಲಿಲ್ಲದ ಟ್ರೆಂಟ್ ಎಂಬ ನಿಗೂಢ ವ್ಯಕ್ತಿಯನ್ನೂ ಆಕೆ ಸೃಷ್ಟಿಸಿದಳು. ಹೆಣಿಗೆಯೇನೋ ಅಚ್ಚುಕಟ್ಟಾದುದೇ. ಆದರೂ ಪುಸ್ತಕದ ನಡುಭಾಗವು ಸೊರಗುತ್ತದೆ. ಬೀಗದಿಂದ ಬೀಗಕ್ಕೆ, ಕೋಣೆಯಿಂದ ಕೋಣೆಗೆ ಪಾತ್ರಗಳು ನಡೆಯುವುದನ್ನು ನಾವು ನೋಡುತ್ತೇವೆ. ಆಡುವವನಿಗೆ ಬೀಗದ ಕೈ ದೊರೆತಾಗ ಆಗುವ ಹಿಗ್ಗು ಓದುವವನಿಗೆ ಆಗದು, ಹುಡುಕಿದವನು ತಾನಲ್ಲವಲ್ಲ. ಇದು ಕೂಟದಲ್ಲಿ ಕುಣಿಯಹೊರಟ ಅರ್ಥಧಾರಿಯ ಸ್ಥಿತಿ. ಬ್ಯಾರಿಯ ಪ್ರಸಂಗ ಮಾತ್ರ ಬೇರೆ. ಮನೆಯವರ ಪ್ರಾಣದ ಬೆದರಿಕೆಗೆ ಸಿಕ್ಕಿ ಗೆಳೆಯರಿಗೆ ದ್ರೋಹ ಬಗೆಯುತ್ತಿರುವ ಅವನು ಬಂದೆಡೆಯಲ್ಲೆಲ್ಲ ಬರಹಕ್ಕೆ ಜೀವ ಬರುತ್ತದೆ, ಏಕೆಂದರೆ ಅವನ ಹೆದರಿಕೆಗೆ ಗುಂಡಿನ ಎಣಿಕೆಯೊಡನೆ ಸಂಬಂಧವಿಲ್ಲ.

ಬ್ರಯನ್ ಎವೆನ್ಸನ್ ಈ ಕಷ್ಟವನ್ನು ಮೊದಲೇ ಅರಿತವನಂತೆ, ‘ಡೆಡ್ ಸ್ಪೇಸ್: ಮಾರ್ಟರ್’ (2010) ಎಂಬ ಕೃತಿಯಲ್ಲಿ ಆಟದ ಕಥೆಯನ್ನು ಮುಟ್ಟದೆ ಅದರ ಪೂರ್ವವೃತ್ತಾಂತವನ್ನು ಬರೆದನು. ಗಂಭೀರ ಸಣ್ಣಕಥೆಗಳಿಂದ ಹೆಸರು ಪಡೆದವನಾದುದರಿಂದ ಗದ್ಯವು ಬಿಗಿಯಾಗಿದೆ. ಆದರೆ ಇದು ಪ್ರಶ್ನೆಗೆ ಕೊಟ್ಟ ಉತ್ತರವಾಗದೆ, ಅದನ್ನು ಬಳಸಿಕೊಂಡು ಹೋದ ಜಾಣತನವಾಗಿದೆ.

ನನ್ನ ಮಗನು ಓದಿದ ‘ದಿ ಸಿಲ್ವರ್ ಐಸ್’ಗೆ ಈಗ ಬರುತ್ತೇನೆ. ಸ್ಕಾಟ್ ಕಾಥನ್ ಎಂಬಾತನು 2014ರಲ್ಲಿ ರಚಿಸಿದ ‘ಫೈವ್ ನೈಟ್ಸ್ ಅಟ್ ಫ್ರೆಡೀಸ್’ ಎಂಬ ಆಟಕ್ಕೆ ಸಂಬಂಧಿಸಿದ ಕಾದಂಬರಿಯಿದು. ಕೀರಾ ಬ್ರೀಡ್-ರಿಸ್ಲಿಯೊಡನೆ ಸೇರಿ 2015ರಲ್ಲಿ ಆತನೇ ಬರೆದುದು. ಆಟದಲ್ಲಿ ನೀವು ಮಕ್ಕಳ ತಿಂಡಿಮನೆಯೊಂದರ ರಾತ್ರಿ ಕಾವಲುಗಾರ. ಹನ್ನೆರಡರಿಂದ ಬೆಳಗಿನ ಆರರವರೆಗೆ ಕುರ್ಚಿಯನ್ನು ಬಿಟ್ಟೇಳುವಂತಿಲ್ಲ. ಹಗಲಿನಲ್ಲಿ ಹಾಡಿ ಕುಣಿಯುವ ಯಾಂತ್ರಿಕ ಗೊಂಬೆಗಳು ರಾತ್ರಿ ನಡೆದಾಡುತ್ತವೆ; ಅವು ಎಲ್ಲಿವೆಯೆಂಬುದನ್ನು ಕ್ಯಾಮೆರಾಗಳಲ್ಲಿ ನೋಡುತ್ತಿರಬೇಕು. ದೀಪ ಹಚ್ಚಿದರೂ, ಬಾಗಿಲು ಮುಚ್ಚಿದರೂ, ಕ್ಯಾಮೆರಾ ನೋಡಿದರೂ ಇರುವ ಅಲ್ಪ ವಿದ್ಯುತ್ತು ಖರ್ಚಾಗುತ್ತದೆ. ಅದು ತೀರಿದರೆ ಕತ್ತಲೆ, ಆಮೇಲೆ ಗೊಂಬೆ.

ಮಾರ್ಚ್ 31ರ ರಾತ್ರಿ ವರ್ಷಾಂತ್ಯದ ಲೆಕ್ಕ ಮುಗಿಸಿ ಶಾಖೆಯಿಂದ ಹೊರಡುವಾಗ, ಸಣ್ಣ ಕೋಣೆಯಲ್ಲಿ ಹತ್ತಾರು ಚೌಕಗಳ ಪರದೆಯ ಮುಂದೆ ಕುಳಿತ ಕಾವಲುಗಾರನನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಈ ನಗರದಲ್ಲಿ ಸೊಸೈಟಿಗೊಬ್ಬ, ಎಟಿಎಮ್ಮಿಗೊಬ್ಬ ಅಂತಹವನಿದ್ದಾನೆ. ಅವರಲ್ಲಿ ಹೆಚ್ಚಿನವರು ದೂರದ ಊರುಗಳಿಂದ ಬಂದವರು, ನಮ್ಮ ಹಿರಿಯರು ಹೋಟೆಲುಗಳಿಗೆ ಬಂದಂತೆಯೇ. ಬೆಲೆಬಾಳುವುದನ್ನು ಕಾಯುವವನಿಗೆ ಅದು ತನ್ನದಲ್ಲ, ಬಿಟ್ಟೋಡಿದರೆ ಕೂಲಿಯಿಲ್ಲ. ಆಟದಲ್ಲಿಯೂ ಕಾವಲುಗಾರನು ಮರುದಿನ ರಾತ್ರಿ ಮತ್ತೆ ಬರುತ್ತಾನೆ. ಅದಕ್ಕೆ ಕೊನೆಯಲ್ಲಿ ತೋರಿಸುವ ಚಿಕ್ಕ ಸಂಬಳದ ಚೀಟಿಯೊಂದೇ ಕಾರಣ. ಇಷ್ಟು ಮೊನಚಾದ ಸಂಗತಿಯನ್ನು ಕಾದಂಬರಿಯು ಕೈಬಿಟ್ಟಿತೆಂಬುದು ನನ್ನ ದೊಡ್ಡ ಆಕ್ಷೇಪ. ‘ದಿ ಸಿಲ್ವರ್ ಐಸ್’ ಕಾವಲುಗಾರನ ಕುರ್ಚಿಯನ್ನು ಕಥೆಯ ನಡುವಿನಿಂದ ತೆಗೆದು, ಆ ಗೊಂಬೆಗಳನ್ನು ಮಾಡಿದವನ ಮಗಳಾದ ಚಾರ್ಲಿ ಎಂಬ ತರುಣಿಯನ್ನು ಅಲ್ಲಿ ನಿಲ್ಲಿಸುತ್ತದೆ. ಕೊಲೆಯಾದ ಬಾಲ್ಯದ ಗೆಳೆಯನೊಬ್ಬನ ನೆನಪಿನ ಸಭೆಗೆ ಹತ್ತು ವರ್ಷಗಳ ತರುವಾಯ ಅವಳು ಊರಿಗೆ ಮರಳುತ್ತಾಳೆ. ಹಳೆಯ ತಿಂಡಿಮನೆಯು, ಅರ್ಧಕ್ಕೆ ನಿಂತ ವ್ಯಾಪಾರಮಳಿಗೆಯ ಗೋಡೆಗಳೊಳಗೆ ಹೂತುಹೋದಂತೆ ಇನ್ನೂ ನಿಂತಿದೆ.

ಶೈಲಿ ಸಪ್ಪೆ; ಕೊನೆಯ ಮೂರನೆಯ ಒಂದು ಭಾಗ ಬರಿಯ ಓಟ, ಅಡಗು, ಮತ್ತೆ ಓಟ. ಆದರೆ ಒಂದು ತಿಳಿವು ಇದರಲ್ಲಿದೆ. ತನ್ನ ತಂದೆ ಪ್ರೀತಿಯಿಂದ ಮಾಡಿದ ಗೊಂಬೆಯೇ ಕೊಲ್ಲುವ ವಸ್ತುವಾಯಿತೆಂಬುದನ್ನು ಮಗಳು ಮೆಲ್ಲಮೆಲ್ಲನೆ ನೆನಪಿಸಿಕೊಳ್ಳುತ್ತಾಳೆ. ಗೊಂಬೆ ಎಲ್ಲಿದೆಯೆಂಬ ಭಯವು ಹೋಗಿ, ನನಗೆ ಏನು ಗೊತ್ತಿತ್ತು, ಏನನ್ನು ಮರೆತೆನು ಎಂಬ ಭಯವು ಬಂದಿದೆ. ಕಾದಂಬರಿಯು ಬೇರೊಂದು ಕಥಾಲೋಕವೆಂದೂ ಆಟದ ಒಗಟುಗಳಿಗೆ ಅದು ಉತ್ತರಗಳ ಕೋಷ್ಟಕವಲ್ಲವೆಂದೂ ಕಾಥನ್ ಹೇಳಿದನು. ಒಗಟು ಬಿಡಿಸಲು ಕೊಂಡವರು ಇದರಿಂದ ಸಿಟ್ಟಾಗಿದ್ದಾರು. ಹದಿಮೂರರ ಹುಡುಗನಿಗೆ ರಾತ್ರಿ ನೆನಪಾದುದು ಮಾತ್ರ ಆ ತಂದೆಮಗಳ ಭಾಗವೇ. ನಾನೂ ತಂದೆಯಾದುದರಿಂದ ಹೆಚ್ಚು ಕೇಳಲು ಹೋಗಲಿಲ್ಲ.

ಈ ಬಗೆಯ ಆಟಗಳಲ್ಲಿ ಅತ್ಯುತ್ತಮವೆಂದು ನನಗೆ ತೋರಿದುದು 2001ರಲ್ಲಿ ಕೊನಾಮಿ ಸಂಸ್ಥೆಯಿಂದ ಬಂದ ‘ಸೈಲೆಂಟ್ ಹಿಲ್ 2’. ಸತ್ತ ಹೆಂಡತಿಯಿಂದ ಬಂದ ಕಾಗದವನ್ನು ಹಿಡಿದು ಜೇಮ್ಸ್ ಎಂಬವನು ಮಂಜು ಮುಸುಕಿದ ಊರೊಂದಕ್ಕೆ ಬರುತ್ತಾನೆ. ರೋಗಿಯಾಗಿದ್ದ ಅವಳನ್ನು ಕೊಂದವನು ತಾನೇ ಎಂಬುದು ಕೊನೆಯಲ್ಲಿ ಅವನಿಗೂ ನಮಗೂ ತಿಳಿಯುತ್ತದೆ. ಆಟಕ್ಕೆ ಅನೇಕ ಮುಕ್ತಾಯಗಳುಂಟು. ಯಾವುದು ದೊರೆಯಬೇಕೆಂಬುದನ್ನು ಆಟವು ನಿಮ್ಮನ್ನು ಕೇಳದೆಯೇ ನಿರ್ಧರಿಸುತ್ತದೆ. ಗಾಯಗೊಂಡಾಗ ಬೇಗನೆ ಮದ್ದು ಮಾಡಿಕೊಂಡಿರಾ, ಅಥವಾ ಹಾಗೆಯೇ ನರಳುತ್ತ ಅಲೆದಿರಾ? ಆತ್ಮಹತ್ಯೆಯ ನೆರಳಿರುವ ಒಬ್ಬ ಹುಡುಗಿಯು ಕೊಟ್ಟ ಚೂರಿಯನ್ನು ತೆಗೆತೆಗೆದು ನೋಡಿದಿರಾ? ಇವೆಲ್ಲ ಎಲ್ಲೋ ಬರೆದಿಟ್ಟಂತಾಗಿ, ಸಾವನ್ನು ಬಯಸುವವನಂತೆ ನಡೆದುಕೊಂಡವನಿಗೆ ಜೇಮ್ಸನು ನೀರಿನಲ್ಲಿ ಮುಳುಗುವ ಮುಕ್ತಾಯ ಬರುತ್ತದೆ. ಇದು ಚಿತ್ರಗುಪ್ತನ ಲೆಕ್ಕ. ಪುಸ್ತಕ ತೆರೆಯುವವರೆಗೆ ಲೆಕ್ಕವಿಡುತ್ತಿದ್ದಾರೆಂಬುದೇ ನಮಗೆ ತಿಳಿಯದು.

ಈ ಆಟವು ಜಪಾನೀ ಭಾಷೆಯಲ್ಲಿ ಕಾದಂಬರಿಯೂ ಆಗಿದೆ. ಆ ಭಾಷೆ ಬಾರದ ನಾನು ಅದರ ಬಗ್ಗೆ ಏನನ್ನೂ ಹೇಳಲು ಅರ್ಹನಲ್ಲ. ಆದರೆ ಯಾವ ಭಾಷೆಯಲ್ಲಾದರೂ ಇದನ್ನು ಕಾದಂಬರಿ ಮಾಡಹೊರಟವನು ಒಂದು ಕಂದಕವನ್ನು ದಾಟಬೇಕು: ಓದುಗನ ಮೇಲೆ ಲೆಕ್ಕವಿಡಲು ಪುಸ್ತಕಕ್ಕೆ ಬಾರದು. ಪುಟ ತಿರುವುವವನು ಗಾಯಕ್ಕೆ ಮದ್ದು ಮಾಡಿದನೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಹಾಗಾದರೆ ಓದುಗನನ್ನು ಅಪರಾಧದಲ್ಲಿ ಪಾಲುಗಾರನನ್ನಾಗಿ ಮಾಡುವುದೆಂತು?

ಇದಕ್ಕೆ ದಾರಿಯನ್ನು ಮುಂಬಯಿಯ ಕನ್ನಡ ಕಾದಂಬರಿಯೊಂದು 1979ರಲ್ಲಿಯೇ ತೋರಿಸಿದೆಯೆಂಬುದು ನನ್ನ ದೃಢವಾದ ನಂಬಿಕೆ. ಯಶವಂತ ಚಿತ್ತಾಲರ ‘ಶಿಕಾರಿ’ಯ ಹೆಸರೇ ಒಂದು ಬೇಟೆಯಾಟ. ಒಂದು ಕಂಪೆನಿಯ ಅಧಿಕಾರಿಯಾದ ನಾಗಪ್ಪನು ಒಂದು ಪತ್ರದ ಮೂಲಕ ಕೆಲಸದಿಂದ ಅಮಾನತಾಗುತ್ತಾನೆ. ತನ್ನ ಮೇಲಿನ ಆರೋಪವೇನೆಂಬುದೇ ಅವನಿಗೆ ತಿಳಿಯದು. ಆಟದ ನಿಯಮಗಳನ್ನು ಹೇಳದೆ ಆಟಕ್ಕಿಳಿಸಿದಂತೆ! ಬೇಟೆಗಾರರು ಯಾರೆಂದು ತಿಳಿಯದ ಅವನು, ಇದಕ್ಕೆಲ್ಲ ತನ್ನಲ್ಲಿಯೇ ಕಾರಣವಿರಬಹುದೆ ಎಂದು ಕಳೆದ ಬಾಳನ್ನೆಲ್ಲ ಕೆದಕಿಕೊಳ್ಳುತ್ತಾನೆ. ನಾವು ಮೊದಲು ಅವನ ಕಡೆಯವರಾಗಿ ಓದುತ್ತೇವೆ. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಸಂಶಯದಿಂದ ನೋಡುತ್ತೇವೆ. ಹಾಗೆ ನೋಡಿದೊಡನೆ ನಾವೂ ಬೇಟೆಗಾರರ ಸಾಲಿನಲ್ಲಿ ನಿಂತಿರುತ್ತೇವೆ. ಲೆಕ್ಕವನ್ನು ಪುಸ್ತಕವು ಇಡುತ್ತಿಲ್ಲ, ನಿಜ. ಆದರೆ ಓದುಗನು ತನ್ನ ಲೆಕ್ಕವನ್ನು ತಾನೇ ಬರೆದುಕೊಳ್ಳುವಂತೆ ಮಾಡುತ್ತದೆ. ಅಲ್ಲಿ ಪಿಶಾಚಿಯಿಲ್ಲ, ರಕ್ತವಿಲ್ಲ. ಇರುವುದು ಕಚೇರಿ, ಚಾಳು, ಟೆಲಿಫೋನು. ಆದರೂ ಸ್ವತಃ ಒಬ್ಬ ಅಧಿಕಾರಿಯಾಗಿ, ಮೇಲಿನವರಿಂದ ಮುಚ್ಚಿದ ಲಕೋಟೆ ಬಂದಾಗ ನನ್ನ ಕೈ ಇಂದಿಗೂ ಒಂದು ಕ್ಷಣ ತಡೆಯುತ್ತದೆ, ಆ ಕಾದಂಬರಿಯನ್ನು ಓದಿದಂದಿನಿಂದ.

ಕನ್ನಡದ ಜನಪ್ರಿಯ ಭೀತಿಸಾಹಿತ್ಯವು ಬೇರೆ ದಾರಿಯಲ್ಲಿ ನಡೆಯಿತು. ಯಂಡಮೂರಿ ವೀರೇಂದ್ರನಾಥರ ‘ತುಳಸೀದಳ’ವು ತೆಲುಗಿನಿಂದ ಬಂದು ಕನ್ನಡದ ಮನೆಮನೆಗಳಲ್ಲಿ ಓದಿಸಿಕೊಂಡಿತು, 1985ರಲ್ಲಿ ಚಲನಚಿತ್ರವೂ ಆಯಿತು. ಮಾಟಮಂತ್ರದ ಆ ಭಯವನ್ನು ನಾನು ಹೀಗಳೆಯಲಾರೆ. ನನ್ನ ತಾಯಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಓದಿದವಳು. ಆದರೆ ನಾಳೆ ವಿಡಿಯೋ ಆಟವೊಂದನ್ನು ಕನ್ನಡದಲ್ಲಿ ಕಾದಂಬರಿಯಾಗಿಸುವ ತರುಣನು, ಅದು ಬರುವ ದಿನ ದೂರವಿಲ್ಲ, ಮಾದರಿಗಾಗಿ ‘ತುಳಸೀದಳ’ದ ಬಳಿಗೆ ಹೋಗದೆ ‘ಶಿಕಾರಿ’ಯ ಬಳಿಗೆ ಹೋಗಲಿ ಎಂದು ನನ್ನ ಆಸೆ.

ಕೊನೆಗೆ ಭಾಷೆಯ ಮಾತು. ಮಗನಿಗೆ ಓದಿ ಹೇಳಲೆಂದು ‘ದಿ ಸಿಲ್ವರ್ ಐಸ್’ನ ಕೆಲವು ಪುಟಗಳನ್ನು ನಾನು ಕನ್ನಡಕ್ಕೆ ತಂದೆನು. ಇಂಗ್ಲಿಷಿನಲ್ಲಿ ಎರಡು ಮೂರು ಪದಗಳೇ ಮತ್ತೆ ಮತ್ತೆ ಬರುವೆಡೆ, ಕನ್ನಡವು ನನ್ನ ಮುಂದೆ ಒಂದು ರಾಶಿಯನ್ನು ಸುರಿಯಿತು: ಹೆದರಿಕೆ, ಅಂಜಿಕೆ, ದಿಗಿಲು, ಅಳುಕು, ಗಾಬರಿ, ಬೆದರು, ಬೆಚ್ಚು. ಇವು ಪರ್ಯಾಯಪದಗಳಲ್ಲ. ಗೊಂಬೆಯು ಹಠಾತ್ತನೆ ಮುಖಕ್ಕೆ ಮುಖ ಕೊಟ್ಟರೆ ಬೆಚ್ಚುತ್ತೇವೆ. ಅದು ಇದ್ದ ಕಡೆ ಇಲ್ಲವೆಂದು ಕಂಡರೆ ದಿಗಿಲು. ಅದನ್ನು ಮಾಡಿದವನು ತಂದೆಯೆಂದು ನೆನಪಾದರೆ ಅಳುಕು. ಆಟವು ಬೆಚ್ಚುವಿಕೆಯಿಂದ ದಿಗಿಲಿನವರೆಗೆ ಕರೆದೊಯ್ಯಬಲ್ಲದು. ಅಳುಕು ಕಾದಂಬರಿಯ ಪಾಲಿನದು.

ಇನ್ನೊಂದು ತೊಡಕು ಬಾಗಿಲಿನದು. ಆಡುವವನು ‘ತೆರೆದೆ’ ಎನ್ನುತ್ತಾನೆ. ನಾನು ಮೊದಲು ‘ಚಾರ್ಲಿ ಬಾಗಿಲನ್ನು ತೆರೆದಳು’ ಎಂದು ಬರೆದೆನು. ಕನ್ನಡದ ಕ್ರಿಯಾಪದವು ಬಾಲದಲ್ಲಿ ಕರ್ತೃವನ್ನು ಹೊತ್ತುಕೊಂಡೇ ಬರುವುದರಿಂದ, ಭಯವು ಒಡನೆ ಅವಳೊಬ್ಬಳದಾಗಿ ನಾವು ಹೊರಗುಳಿದೆವು. ‘ಬಾಗಿಲು ತೆರೆಯಲ್ಪಟ್ಟಿತು’ ಎಂದರೆ ಅದು ಸುತ್ತೋಲೆಯ ಕನ್ನಡ, ಅದನ್ನು ಕಚೇರಿಯಲ್ಲಿ ದಿನವೂ ಬರೆಯುತ್ತೇನೆ. ‘ಬಾಗಿಲು ತೆರೆದುಕೊಂಡಿತು’ ಎಂದು ತಿದ್ದಿ ಓದಿದೆನು. ಮಗನು ಹಾಸಿಗೆಯಲ್ಲಿ ಎದ್ದು ಕುಳಿತು ಕೇಳಿದನು, “ತಾನಾಗಿಯೇ? ಯಾರು ತೆಗೆದರು, ಪಪ್ಪಾ?” ಅಂದಿನ ಓದನ್ನು ಅಲ್ಲಿಗೆ ನಿಲ್ಲಿಸಬೇಕಾಯಿತು. ಮರುದಿನ ಮುಂದಿನ ಪುಟವೆಲ್ಲಿ ಎಂದು ಅವನೇ ಕೇಳಿಕೊಂಡು ಬಂದನು. ನನ್ನ ಬರವಣಿಗೆಯ ಅಕ್ಷರಗಳನ್ನು ಕೂಡಿಸಿಕೊಂಡು ಮೊದಲ ನಾಲ್ಕು ಸಾಲುಗಳನ್ನು ತಾನಾಗಿಯೇ ಓದಿದನು. ಐದನೆಯದರಲ್ಲಿ ಒತ್ತಕ್ಷರವೊಂದಕ್ಕೆ ತಡೆದು ನನ್ನ ಕೈಗೆ ಕೊಟ್ಟನು.